ಬೀಗ ಮುರಿಯುವ ಜಾಣತನ

ಬಿ.ದುರ್ಗ ಹೋಬಳಿಯಲ್ಲಿಯೂ ಅದರ ಸುತ್ತಣ ಹೊಳಲ್ಕೆರೆ, ಚಿತ್ರದುರ್ಗ, ಹೊಸದುರ್ಗ, ಹಿರಿಯೂರು ಸೀಮೆಗಳಲ್ಲಿಯೂ ಅಡಕೆಯ ಮಂಡಿ, ಸಹಕಾರ ಸಂಘ, ಗೊಬ್ಬರದ ಅಂಗಡಿ ಮೊದಲಾದ ವ್ಯವಹಾರಸ್ಥಾನಗಳಿಗೆ ಗಣಕಯಂತ್ರವು ಪ್ರವೇಶಿಸಿ, ಒಂದಿದ್ದುದು ಎರಡಾಗಿ, ಎರಡಿದ್ದುದು ಮೂರಾಗಿ, ಕೊನೆಗೆ ಅವೆಲ್ಲವನ್ನೂ ತಂತಿಯಿಂದ ಜೋಡಿಸಿ ಒಂದೇ ಲೆಕ್ಕದ ಕಡತವನ್ನು ಎಲ್ಲರೂ ತೆರೆಯುವ ಏರ್ಪಾಡು ನೆಲೆಗೊಂಡ ಮೇಲೆ, ಅದರ ಜೊತೆಯಲ್ಲಿಯೇ ಒಂದು ಅಭಿಪ್ರಾಯವೂ ನೆಲೆಗೊಂಡಿದೆ. ಕಡತವನ್ನು ತೆರೆಯಹೋದವನಿಗೆ ‘ಇದನ್ನು ಮತ್ತೊಬ್ಬರು ಬಳಸುತ್ತಿದ್ದಾರೆ, ಬೀಗ ಬಿದ್ದಿದೆ’ ಎಂಬ ಸೂಚನೆ ಪರದೆಯ ಮೇಲೆ ಮೂಡಿದರೆ ಅದು ಯಂತ್ರದ ಕಾಟವೇ ಹೊರತು ಬೇರೇನೂ ಅಲ್ಲವೆಂದೂ, ಅದಕ್ಕೆ ತಲೆಬಾಗಿ ಕಾಯತಕ್ಕವನು ಕೆಲಸಗೇಡಿಯೆಂದೂ, ಹೇಗಾದರೂ ಮಾಡಿ ಬೀಗವನ್ನು ಕಿತ್ತೊಗೆದು ಒಳಹೊಕ್ಕವನೇ ಚುರುಕಾದ ಗುಮಾಸ್ತನೆಂದೂ ಜನ ನಂಬಿದ್ದಾರೆ. ‘ಲಾಕ್ ಆಗೈತೆ ಅಣ್ಣಾ’ ಎಂದು ಹೊಸಬನು ಕೂಗಿದರೆ, ‘ಆ ಸಿಸ್ಟಂ ಆಫ್ ಮಾಡಿ ಆನ್ ಮಾಡು, ಇಲ್ಲಾಂದ್ರೆ ಸೇವ್ ಆಸ್ ಹೊಡೆದು ಇನ್ನೊಂದು ಹೆಸರಲ್ಲಿ ಇಟ್ಕೋ’ ಎಂದು ಹಳಬನು ಅನುಗ್ರಹಿಸುವ ಉತ್ತರ ಈಗ ನಮ್ಮ ಕಚೇರಿಗಳ ಶಾಸ್ತ್ರವಾಗಿದೆ. ಈ ಶಾಸ್ತ್ರವು ಬುಡದಿಂದಲೇ ತಪ್ಪು; ಇದರಿಂದ ಹಾನಿಯಾಗುವುದು ಯಂತ್ರಕ್ಕಲ್ಲ, ಗುಮಾಸ್ತನಿಗೂ ಅಷ್ಟಾಗಿ ಅಲ್ಲ, ಆ ಕಡತದಲ್ಲಿ ಯಾರ ಹೆಸರಿನ ಲೆಕ್ಕವಿದೆಯೋ ಆ ಕೃಷಿಕನಿಗೆ. ಇದನ್ನು ನಾನು ಸಾವಕಾಶವಾಗಿ ತೋರಿಸಬೇಕೆಂದಿದ್ದೇನೆ.

ಮೊದಲು ಬೀಗವೆಂದರೆ ಏನೆಂಬುದನ್ನು ವಿಚಾರಿಸೋಣ. ಹಿಂದಿನ ಕಾಲದ ಶಾನುಭೋಗರ ಕಡತವು ಒಂದು ವಸ್ತುವಾಗಿತ್ತು; ಅದನ್ನು ಒಬ್ಬರು ತೊಡೆಯ ಮೇಲೆ ಬಿಡಿಸಿಕೊಂಡು ಬಳಪದಿಂದ ಬರೆಯುತ್ತಿದ್ದಾಗ ಮತ್ತೊಬ್ಬರು ಅದೇ ಮಡಿಕೆಯಲ್ಲಿ ಬರೆಯುವುದು ಅಸಾಧ್ಯವಾಗಿತ್ತು; ಆದುದರಿಂದ ಅಲ್ಲಿ ಬೀಗದ ಪ್ರಶ್ನೆಯೇ ಹುಟ್ಟಲಿಲ್ಲ. ಗಣಕಯಂತ್ರದ ಕಡತವು ಹಾಗಲ್ಲ. ಅದನ್ನು ತೆರೆಯುವುದೆಂದರೆ ಅದರ ಒಂದು ಪ್ರತಿಯನ್ನು ನಮ್ಮ ಯಂತ್ರದ ನೆನಪಿಗೆ ತಂದುಕೊಳ್ಳುವುದೆಂದರ್ಥ. ನಾವು ತಿದ್ದುವುದು ಆ ಪ್ರತಿಯನ್ನು. ‘ಸೇವ್’ ಎಂದು ಒತ್ತಿದಾಗ ನಮ್ಮ ಪ್ರತಿಯು ಹೋಗಿ ಮೂಲದ ಸ್ಥಾನದಲ್ಲಿ ಕೂರುತ್ತದೆ. ಹೀಗಿರುವಾಗ ಇಬ್ಬರು ಏಕಕಾಲದಲ್ಲಿ ಎರಡು ಪ್ರತಿಗಳನ್ನು ತೆಗೆದುಕೊಂಡು ತಿದ್ದಿದರೆ, ಕಡೆಗೆ ಸೇವ್ ಮಾಡಿದವನ ಪ್ರತಿ ಉಳಿದು ಮೊದಲಿನವನ ದುಡಿಮೆ ನಿಃಶೇಷವಾಗಿ ಅಳಿದುಹೋಗುವುದು. ಅಳಿದುದಕ್ಕೆ ಒಂದು ಗುರುತೂ ಉಳಿಯದು, ಒಂದು ಎಚ್ಚರಿಕೆಯೂ ಬಾರದು. ಈ ಅನಾಹುತವನ್ನು ತಡೆಯುವುದಕ್ಕೋಸ್ಕರವೇ, ಮೊದಲು ತೆರೆದವನಿಗೆ ಬರೆಯುವ ಹಕ್ಕನ್ನು ಕೊಟ್ಟು, ಅನಂತರ ಬಂದವನಿಗೆ ‘ಓದಬಹುದು, ಬರೆಯುವಂತಿಲ್ಲ’ ಎಂದು ಹೇಳುವ ವ್ಯವಸ್ಥೆಯನ್ನು ತಂತ್ರಾಂಶವನ್ನು ರಚಿಸಿದವರು ಮಾಡಿದರು. ಅಷ್ಟೇ ಆ ಬೀಗದ ತಾತ್ಪರ್ಯ. ಸಹೋದ್ಯೋಗಿಯೊಬ್ಬನ ಕೈ ಇನ್ನೂ ಬರವಣಿಗೆಯಲ್ಲಿ ತೊಡಗಿದೆಯೆಂಬ ವಾರ್ತೆ ಅದು.

ಅಂಕಿಗಳನ್ನು ಇಟ್ಟುಕೊಂಡು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಬ್ಬ ಬೆಳೆಗಾರನ ಖಾತೆಯಲ್ಲಿ 82,000 ರೂಪಾಯಿ ಜಮೆಯಿದೆಯೆಂದು ಭಾವಿಸೋಣ. ಅವನ 7 ಕ್ವಿಂಟಲ್ ರಾಶಿ ಅಡಕೆಯು ಕ್ವಿಂಟಲಿಗೆ 48,000ದಂತೆ ಟೆಂಡರಿನಲ್ಲಿ ಹೋಯಿತು. ಒಬ್ಬ ಗುಮಾಸ್ತನು ಕಡತವನ್ನು ತೆರೆದು 3,36,000 ರೂಪಾಯಿಯನ್ನು ಜಮೆ ಮಾಡುತ್ತ ಕುಳಿತಿದ್ದಾನೆ. ಅವನ ಪರದೆಯಲ್ಲಿ ಬಾಕಿ 4,18,000 ಆಯಿತು, ಆದರೆ ಇನ್ನೂ ಸೇವ್ ಆಗಿಲ್ಲ. ಅಷ್ಟರಲ್ಲಿ ಮತ್ತೊಂದು ಮೇಜಿನವನು, ಅದೇ ರೈತನ ಮಗನಿಗೆ ಕೊಟ್ಟ 50,000 ರೂಪಾಯಿ ಮುಂಗಡವನ್ನು ಖರ್ಚು ಬರೆಯಲೆಂದು ಬಂದು, ಬೀಗವನ್ನು ಕಂಡು, ಅದನ್ನು ಮುರಿದು ಒಳಹೊಕ್ಕನು. ಅವನಿಗೆ ಕಾಣುವುದು ಹಳೆಯ 82,000. ಅದರಲ್ಲಿ 50,000 ಕಳೆದು 32,000 ಎಂದು ಸೇವ್ ಮಾಡಿದನು. ಸ್ವಲ್ಪ ಹೊತ್ತಿನ ಮೇಲೆ ಮೊದಲನೆಯವನೂ ಸೇವ್ ಮಾಡಿದನು. ಕಡತದಲ್ಲಿ 4,18,000 ಉಳಿಯಿತು. ಮುಂಗಡ ಮಾಯವಾಯಿತು. ಸೇವ್ ಮಾಡಿದ ಕ್ರಮವು ತಿರುಗುಮುರುಗಾಗಿದ್ದರೆ 32,000 ಉಳಿದು 7 ಕ್ವಿಂಟಲ್ ಅಡಕೆಯೇ ಮಾಯವಾಗುತ್ತಿತ್ತು. ನಿಜವಾದ ಬಾಕಿಯು 3,68,000. ಈ ಎರಡು ದಾರಿಗಳಲ್ಲಿ ಯಾವುದರಿಂದಲೂ ಆ ಸಂಖ್ಯೆ ದೊರೆಯದು. ಇಲ್ಲಿ ಯಾರೂ ಕಳ್ಳತನ ಮಾಡಲಿಲ್ಲ, ಯಾರೂ ಕೂಡುವುದರಲ್ಲಿ ಕಳೆಯುವುದರಲ್ಲಿ ತಪ್ಪಲಿಲ್ಲ. ಇಬ್ಬರೂ ಪ್ರಾಮಾಣಿಕರಾಗಿ ತಮ್ಮ ತಮ್ಮ ಕೆಲಸ ಮಾಡಿದರು. ಲೆಕ್ಕವು ಮಾತ್ರ ಸುಳ್ಳಾಯಿತು.

ಈ ಸಂಕಟವನ್ನು ಗಣಕವಿಜ್ಞಾನಿಗಳು ಬಹಳ ಹಿಂದೆಯೇ ಕಂಡುಕೊಂಡರು. ಅನೇಕ ಕಾರ್ಯಕ್ರಮಗಳು ಒಂದೇ ಸ್ಥಾನವನ್ನು ತಿದ್ದಹೊರಟಾಗ ಒಮ್ಮೆಗೆ ಒಂದೇ ಒಳಗಿರುವಂತೆ ಮಾಡುವುದು ಹೇಗೆಂಬುದನ್ನು ಹಾಲೆಂಡಿನ ಎಡ್ಸ್ಗರ್ ಡೈಕ್‌ಸ್ಟ್ರಾ ಅವರು 1965ರಲ್ಲಿ ಅತ್ಯಂತ ಸಂಕ್ಷಿಪ್ತವಾದ ಒಂದು ಪ್ರಬಂಧದಲ್ಲಿ ಸಿದ್ಧಪಡಿಸಿ ತೋರಿಸಿದರು. 1976ರಲ್ಲಿ ಐಬಿಎಂ ಸಂಸ್ಥೆಯ ಕಪಾಲಿ ಈಶ್ವರನ್, ಜಿಮ್ ಗ್ರೇ ಮತ್ತು ಅವರ ಸಂಗಡಿಗರಿಬ್ಬರು, ಒಂದು ವ್ಯವಹಾರಕ್ಕೆ ಬೇಕಾದ ಬೀಗಗಳನ್ನೆಲ್ಲ ಹಾಕಿಕೊಂಡು ಮುಗಿಯುವ ತನಕ ಯಾವುದನ್ನೂ ಬಿಡದಿದ್ದರೆ, ಎಷ್ಟು ಜನ ಒಟ್ಟಿಗೆ ದುಡಿದರೂ ಫಲವು ಒಬ್ಬರಾದ ಮೇಲೊಬ್ಬರು ಸರದಿಯಲ್ಲಿ ಮಾಡಿದಂತೆಯೇ ಇರುವುದೆಂದು ನಿರೂಪಿಸಿದರು. ಇಂದು ಬ್ಯಾಂಕುಗಳೂ ರೈಲ್ವೆಯ ಟಿಕೆಟ್ ವ್ಯವಸ್ಥೆಯೂ ನಿಂತಿರುವುದು ಇಂತಹ ವಿಚಾರಗಳ ಅಡಿಗಲ್ಲಿನ ಮೇಲೆ. ಜಗತ್ತಿನ ಮೇಧಾವಿಗಳು ಇಷ್ಟು ಶ್ರಮಪಟ್ಟು ಕಟ್ಟಿದ ಕಟ್ಟನ್ನು, ಯಂತ್ರದ ಹಿಂಬದಿಯ ಗುಂಡಿಯೊಂದನ್ನು ಒತ್ತಿ ಒಡೆದುಹಾಕುವುದನ್ನು ಜಾಣತನವೆಂದು ಹೇಗೆ ಕರೆಯುವುದು?

ಭೀಮಸಮುದ್ರದ ಕಡೆಯ ಒಂದು ಮಂಡಿಯಲ್ಲಿ ನಾನು ಕಂಡ ಸಂಗತಿಯನ್ನು ಇಲ್ಲಿ ಹೇಳಬೇಕು. ಮಂಡಿಯ ಹೆಸರು ಬೇಡ, ಏಕೆಂದರೆ ಎಲ್ಲ ಕಡೆಯೂ ಹೀಗೆಯೇ ಇದೆ. ಟೆಂಡರಿನ ದಿನ. ಅಂಗಳದಲ್ಲಿ ರಾಶಿ, ಬೆಟ್ಟೆ, ಕೆಂಪುಗೋಟುಗಳ ಲಾಟುಗಳು ಬಿದ್ದಿದ್ದವು. ಒಳಗೆ ಮೂರು ಮೇಜು, ಮೂರು ಗಣಕಯಂತ್ರ, ಲಾಟಿನ ಲೆಕ್ಕವೆಲ್ಲವೂ ಒಂದೇ ಎಕ್ಸೆಲ್ ಕಡತದಲ್ಲಿ. ನಡುವಿನ ಮೇಜಿನ ಹುಡುಗನು ಕಡತವನ್ನು ತೆರೆಯಹೋದಾಗ, ಬೀಗ ಹಾಕಿಕೊಂಡವರ ಹೆಸರು ‘ಯೂಸರ್’ ಎಂದು ಬಂದಿತು. ಆ ಮೂರು ಯಂತ್ರಗಳಲ್ಲಿ ಯಾವುದನ್ನು ಕೇಳಿದರೂ ಅದು ತನ್ನ ಹೆಸರನ್ನು ‘ಯೂಸರ್’ ಎಂದೇ ಹೇಳುತ್ತಿತ್ತು! ಯಂತ್ರಗಳನ್ನು ತಂದು ಕೂರಿಸಿದವರು ಹೆಸರಿನ ಮನೆಯಲ್ಲಿ ಕುಳಿತುಕೊಳ್ಳುವವರ ಹೆಸರನ್ನು ತುಂಬಿರಲಿಲ್ಲ. ತುಂಬಬೇಕೆಂದು ಕೇಳಿದವರೂ ಇರಲಿಲ್ಲ. ‘ಯಾರು ಓಪನ್ ಮಾಡೀರಪ್ಪ?’ ಎಂದು ಅವನು ಕೂಗಿದನು. ಉತ್ತರ ಬರಲಿಲ್ಲ, ಕಡತವನ್ನು ತೆರೆದಿಟ್ಟವನು ತೂಕ ನೋಡಲು ಗೋದಾಮಿಗೆ ಹೋಗಿದ್ದನು. ಹುಡುಗನು ಎದ್ದುಹೋಗಿ ಮೂಲೆಯ ಯಂತ್ರದ ಗುಂಡಿಯನ್ನು ಅದು ಆರುವ ತನಕ ಒತ್ತಿಹಿಡಿದನು. ಪರದೆ ಕಪ್ಪಾಯಿತು. ಅದರಲ್ಲಿ ಆ ಬೆಳಗಿನ ಲಾಟುಗಳ ನಮೂದುಗಳಿದ್ದವು. ಅವುಗಳಲ್ಲಿ ಎಷ್ಟು ಸೇವ್ ಆಗಿದ್ದವು, ಎಷ್ಟು ಆಗಿರಲಿಲ್ಲ ಎಂಬುದನ್ನು ಗೋದಾಮಿನಿಂದ ಮರಳಿದವನು ನೆನಪಿನಿಂದ ಹೇಳಲಾರದೆ, ಸಂಜೆಯ ತನಕ ತೂಕದ ಚೀಟಿಗಳನ್ನು ಹರಡಿಕೊಂಡು ಕುಳಿತಿದ್ದನ್ನು ನೋಡಿದೆ.

ಈ ಪ್ರಸಂಗದಲ್ಲಿ ನನಗೆ ಅತ್ಯಂತ ಖೇದಕರವಾಗಿ ಕಂಡದ್ದು ಗುಂಡಿಯನ್ನು ಒತ್ತಿದುದಲ್ಲ, ಆ ‘ಯೂಸರ್’ ಎಂಬ ಅನಾಮಧೇಯ. ಬೀಗವು ಹೆಸರನ್ನು ಹೇಳುವುದಕ್ಕಾಗಿಯೇ ಇದೆ. ಎಕ್ಸೆಲ್ ಕಡತವನ್ನು ತೆರೆದೊಡನೆ, ಅದೇ ಫೋಲ್ಡರಿನಲ್ಲಿ, ಅದೇ ಹೆಸರಿನ ಮುಂದೆ ಎರಡು ಚಿಹ್ನೆಗಳನ್ನು ಸೇರಿಸಿದ ಗುಪ್ತವಾದ ಒಂದು ಪುಟ್ಟ ಕಡತ ಹುಟ್ಟುತ್ತದೆ. ಅದರಲ್ಲಿ ತೆರೆದವರ ಹೆಸರಿರುತ್ತದೆ. ಲಿಬ್ರೆಆಫೀಸ್ ಬಳಸುವವರಲ್ಲಿಯೂ ಹೀಗೆಯೇ ಒಂದು ಗುಪ್ತ ಕಡತ ಹುಟ್ಟಿ ಹೆಸರು, ಯಂತ್ರ, ಹೊತ್ತು ಇವನ್ನು ನಮೂದಿಸಿಕೊಳ್ಳುತ್ತದೆ. ಎಕ್ಸೆಲ್‌ನ ಆಪ್ಷನ್ಸ್ ಎಂಬಲ್ಲಿ ಜನರಲ್ ಎಂಬ ಪುಟದಲ್ಲಿರುವ ಯೂಸರ್ ನೇಮ್ ಎಂಬ ಜಾಗದಲ್ಲಿ ಒಂದು ಹೆಸರು ಬರೆಯುವುದಕ್ಕೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ಉಳಿಸಿದ ನಾವು, ಬೀಗವನ್ನು ಮಾತನಾಡದ ಮೂಕನನ್ನಾಗಿ ಮಾಡಿ, ಆಮೇಲೆ ಅದು ಏನನ್ನೂ ಹೇಳುವುದಿಲ್ಲವೆಂದು ದೂರುತ್ತೇವೆ.

ಈಗ ಎದುರುಪಕ್ಷದವರ ವಾದಗಳಿಗೆ ಬರೋಣ. ಅವುಗಳಲ್ಲಿ ಬಲವಾದದ್ದು ಒಂದಿದೆ. ಅದನ್ನು ಹಗುರಾಗಿ ತಳ್ಳಿಹಾಕುವುದು ನ್ಯಾಯವಲ್ಲ. ‘ರೈತ ಹಳ್ಳಿಯಿಂದ ಬಸ್ಸು ಹಿಡಿದು ಬಂದು ಕಿಟಕಿಯ ಮುಂದೆ ನಿಂತಿದ್ದಾನೆ. ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯ ತನಕ ಅವನಿಗೆ ಗತಿಯಿಲ್ಲ. ನಿಮ್ಮ ಬೀಗದ ಮರ್ಯಾದೆಗಾಗಿ ಅವನನ್ನು ನಿಲ್ಲಿಸಬೇಕೆ? ಕೆಲಸ ನಿಲ್ಲಬಾರದು’ ಎನ್ನುತ್ತಾರೆ. ರೈತನನ್ನು ನಿಲ್ಲಿಸಬಾರದೆಂಬುದನ್ನು ನಾನು ಹೃತ್ಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಬೀಗವನ್ನು ಮುರಿದರೆ ಮಾತ್ರ ರೈತನ ಕೆಲಸ ನಡೆಯುವುದೆಂಬುದು ಯಾರು ಕೊಟ್ಟ ತೀರ್ಪು? ಬಾಕಿಯೆಷ್ಟೆಂದು ಕೇಳಲು ಬಂದವನಿಗೆ ಉತ್ತರ ಹೇಳಲು ಬರೆಯುವ ಹಕ್ಕು ಬೇಕಾಗಿಲ್ಲ. ಕಡತವನ್ನು ‘ರೀಡ್ ಓನ್ಲಿ’ ಎಂದು ತೆರೆದು ನೋಡಬಹುದು, ಬೀಗವು ಅದಕ್ಕೆ ಅಡ್ಡಿಯಾಗುವುದಿಲ್ಲ. ಅಲ್ಲಿ ಕಾಣುವುದು ಕಡೆಯ ಬಾರಿ ಸೇವ್ ಆದ ಲೆಕ್ಕವೆಂಬುದನ್ನು ನೆನಪಿಟ್ಟುಕೊಂಡು ಹೇಳಿದರಾಯಿತು. ಹಣ ಕೊಡಬೇಕಾಗಿದ್ದರೆ ಅಥವಾ ಪಡೆಯಬೇಕಾಗಿದ್ದರೆ, ಮೇಜಿನ ಮೇಲೆ ರಸೀದಿ ಪುಸ್ತಕವಿದೆ, ಕಾರ್ಬನ್ ಕಾಗದವಿದೆ, ರೈತನ ಸಹಿಯಿದೆ. ಚೀಟಿ ಬರೆದುಕೊಟ್ಟು ಅವನನ್ನು ಬಸ್ಸಿಗೆ ಕಳುಹಿಸಿ, ಬೀಗ ತೆರೆದ ಮೇಲೆ ಆ ಚೀಟಿಯನ್ನು ನೋಡಿಕೊಂಡು ಕಡತದಲ್ಲಿ ಏರಿಸಬಹುದು. ನಮ್ಮ ನಾಡಿನಲ್ಲಿ ಸಹಕಾರ ಸಂಘಗಳ ಕೆಲಸ ಪ್ರಾರಂಭವಾದುದು 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ. ಅಂದಿನಿಂದ ಎಷ್ಟೋ ದಶಕಗಳ ಕಾಲ ಕಾಗದದ ಮೇಲೆಯೇ ರೈತರ ಸಾಲವೂ ಜಮೆಯೂ ನಡೆದು ಬಂದಿತೆಂಬುದನ್ನು ಮರೆತು, ಪರದೆ ತೆರೆಯದಿದ್ದರೆ ಪೆನ್ನೂ ಓಡದೆನ್ನುವ ನಮ್ಮ ಅಸಹಾಯಕತೆ ನಾವೇ ತಂದುಕೊಂಡದ್ದು.

ಇನ್ನೂ ಒಂದು ಮಾತು. ಇಂದಿನ ರೈತನನ್ನು ಹತ್ತು ನಿಮಿಷ ನಿಲ್ಲಿಸದಿರಲು ಬೀಗ ಮುರಿದವನು, ನಿನ್ನೆ ಬಂದುಹೋದ ರೈತನ ನಮೂದನ್ನು ಅಳಿಸಿರಬಹುದು. ಕಿಟಕಿಯ ಮುಂದೆ ನಿಂತವನು ಕಣ್ಣಿಗೆ ಕಾಣುತ್ತಾನೆ, ಕಡತದೊಳಗಿರುವವನು ಕಾಣುವುದಿಲ್ಲ. ಕಾಣದವನ ಪರವಾಗಿ ಮಾತನಾಡುವುದಕ್ಕೆ ಆ ಬೀಗವೊಂದೇ ಇರುವುದು.

ಎರಡನೆಯ ವಾದವು ನಕಲಿನದು. ‘ಬೀಗ ಮುರಿಯುವುದು ಬೇಡ, ಸೇವ್ ಆಸ್ ಮಾಡಿ ಪ್ರತಿ ಇಟ್ಟುಕೊಂಡರೆ ಯಾರಿಗೂ ತೊಂದರೆಯಿಲ್ಲ, ಸಂಜೆ ಎರಡನ್ನೂ ಕೂಡಿಸಿದರಾಯಿತು’ ಎಂಬ ಈ ಮಧ್ಯಮಮಾರ್ಗವು ಮೇಲ್ನೋಟಕ್ಕೆ ಸೌಮ್ಯವಾಗಿ ಕಂಡರೂ ವಾಸ್ತವದಲ್ಲಿ ಹೆಚ್ಚು ಅಪಾಯಕಾರಿಯಾದುದು. ಸಂಜೆಯ ಹೊತ್ತಿಗೆ ಫೋಲ್ಡರಿನಲ್ಲಿ ‘ಲೆಕ್ಕ’, ‘ಲೆಕ್ಕ ಹೊಸದು’, ‘ಲೆಕ್ಕ ಫೈನಲ್’, ‘ಲೆಕ್ಕ ಫೈನಲ್ 2’ ಎಂಬ ನಾಲ್ಕು ಕಡತಗಳು ಕುಳಿತಿರುತ್ತವೆ. ಅವುಗಳಲ್ಲಿ ಪ್ರತಿಯೊಂದರಲ್ಲಿಯೂ ಮಿಕ್ಕವುಗಳಲ್ಲಿಲ್ಲದ ಒಂದೆರಡು ಸತ್ಯಗಳಿರುತ್ತವೆ. ಕೂಡಿಸುವ ಸಂಜೆ ಬರುವುದೇ ಇಲ್ಲ. ಬಂದರೂ ಬಳಲಿದ ಕಣ್ಣು ಸಾಲಿಗೆ ಸಾಲನ್ನು ಹೋಲಿಸಲಾರದು. ಬೀಗ ಮುರಿದಾಗ ಒಂದು ಸತ್ಯ ನಾಶವಾದರೆ, ನಕಲು ಮಾಡಿದಾಗ ಸತ್ಯವು ಯಾವುದೆಂಬ ನಿಶ್ಚಯವೇ ನಾಶವಾಗುತ್ತದೆ. ಸಹಕಾರ ಸಂಘಗಳ 1959ರ ಕಾಯಿದೆಯಂತೆ ಪ್ರತಿವರ್ಷ ಲೆಕ್ಕಪರಿಶೋಧನೆಗೆ ಬರುವ ಪರಿಶೋಧಕರ ಮುಂದೆ ಕಾರ್ಯದರ್ಶಿಯು ಈ ನಾಲ್ಕರಲ್ಲಿ ಯಾವುದನ್ನು ಇಡತಕ್ಕದ್ದು?

ಮೂರನೆಯದು ವಿಶ್ವಾಸದ ವಾದ. ‘ನಾವು ನಾಲ್ಕೇ ಜನ, ಮನೆಯವರ ಹಾಗಿದ್ದೇವೆ, ನಮ್ಮಲ್ಲಿ ಬೀಗವೇಕೆ, ಎಲ್ಲರಿಗೂ ಒಂದೇ ಪಾಸ್‌ವರ್ಡ್’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆ ಪಾಸ್‌ವರ್ಡನ್ನು ಪರದೆಯ ಅಂಚಿಗೆ ಚೀಟಿಯಲ್ಲಿ ಬರೆದು ಅಂಟಿಸಿರುವುದೂ ಉಂಟು. ವಿಶ್ವಾಸವು ದೊಡ್ಡ ಗುಣವೇ. ಆದರೆ ಬೀಗವು ಅವಿಶ್ವಾಸದ ಚಿಹ್ನೆಯಲ್ಲವೆಂಬುದನ್ನು ಮೇಲಿನ ಉದಾಹರಣೆಯೇ ತೋರಿಸಿತು. ಅಲ್ಲಿ ಇಬ್ಬರೂ ಪ್ರಾಮಾಣಿಕರು. ಒಂದೇ ಹೆಸರಿನಿಂದ ನಾಲ್ವರೂ ಒಳಹೋದರೆ, ತಪ್ಪಾದ ದಿನ ನಾಲ್ವರ ಮೇಲೂ ಸಂಶಯ ಬೀಳುತ್ತದೆ. ನಿರಪರಾಧಿಯು ತಾನು ನಿರಪರಾಧಿಯೆಂದು ತೋರಿಸಿಕೊಳ್ಳಲು ಸಾಧನವಿಲ್ಲದೆ ನಿಲ್ಲುತ್ತಾನೆ. ನಮ್ಮ ರಾಜ್ಯವು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಕೈಗೆತ್ತಿಕೊಂಡಾಗ, ಅಧಿಕಾರಿಗಳು ಬರಿಯ ಪಾಸ್‌ವರ್ಡಿನಿಂದಲ್ಲ, ಬೆರಳಚ್ಚಿನಿಂದ ಒಳಹೋಗಬೇಕೆಂದೂ, ಮ್ಯುಟೇಶನ್ನಿನ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕೆಂದೂ ಕಟ್ಟುಮಾಡಿತು. ಯಾರ ಕೈ, ಯಾವ ಸರದಿ ಎಂಬ ಈ ಎರಡನ್ನು ನಿಶ್ಚಯಿಸಿದ್ದರಿಂದಲೇ ಆ ದಾಖಲೆಗೆ ಬೆಲೆ ಬಂದಿತು. ಅದೇ ರೈತನ ಜಮೀನಿನ ಪಹಣಿಗೆ ಬೆರಳಚ್ಚಿನ ಕಾವಲು, ಅವನ ಬೆಳೆಯ ಹಣದ ಲೆಕ್ಕಕ್ಕೆ ಚೀಟಿಯಲ್ಲಿ ಅಂಟಿಸಿದ ಪಾಸ್‌ವರ್ಡ್ ಎಂಬುದು ಯಾವ ನ್ಯಾಯ? ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡೂ ಉಳಿಯತಕ್ಕದ್ದೆಂಬ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಂಡಿಗೂ ಸಂಘಕ್ಕೂ ಆ ನಿಯಮ ನೇರವಾಗಿ ಅನ್ವಯಿಸದೆ ಇರಬಹುದು, ಅದರ ಹಿಂದಿರುವ ವಿವೇಕ ಅನ್ವಯಿಸುತ್ತದೆ.

ಕಡೆಯದಾಗಿ, ಸ್ವಲ್ಪ ಓದಿಕೊಂಡ ಯುವಕರು ಹೇಳುವ ಮಾತೊಂದಿದೆ: ‘ಇದೆಲ್ಲ ಹಳೆಯ ಕಥೆ, ಈಗ ಗೂಗಲ್ ಶೀಟಿನಲ್ಲಿ ಹತ್ತು ಜನ ಒಟ್ಟಿಗೆ ಬರೆಯಬಹುದು, ಬೀಗವೇ ಇಲ್ಲ’ ಎಂದು. ಅಲ್ಲಿ ಒಂದೊಂದು ತಿದ್ದುಪಡಿಯನ್ನೂ ದೂರದ ಯಂತ್ರವೊಂದು ಸರದಿಯಲ್ಲಿ ಜೋಡಿಸುತ್ತಿರುತ್ತದೆ; ಸರದಿಯ ಕಾವಲು ಅಲ್ಲಿಯೂ ಇದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಇಬ್ಬರು ಒಂದೇ ಮನೆಯಲ್ಲಿ ಎರಡು ಅಂಕಿ ಬರೆದರೆ ಅಲ್ಲಿಯೂ ಕಡೆಯದೇ ಉಳಿಯುವುದು. ಮೇಲಾಗಿ ನೆಟ್‌ವರ್ಕ್ ಹೋದಾಗ, ನಮ್ಮ ಹೋಬಳಿಗಳಲ್ಲಿ ಅದು ಹೋಗುವುದು ಅಪರೂಪವಲ್ಲ, ಆ ಹತ್ತು ಜನರಲ್ಲಿ ಒಬ್ಬರು ಬರೆದುದು ಮತ್ತೊಬ್ಬರಿಗೆ ತಲುಪದು. ಕೇಂದ್ರ ಸರ್ಕಾರವು 2022ರಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಒಂದೇ ತಂತ್ರಾಂಶದಡಿ ತರಲು 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು, ಅದು ಸ್ವಾಗತಾರ್ಹವೇ. ಆದರೆ ಹೊಸ ತಂತ್ರಾಂಶಕ್ಕೆ ಹಳೆಯ ಅಭ್ಯಾಸವನ್ನು ಹೊತ್ತೊಯ್ದರೆ ಅದರಿಂದಾಗುವ ಪ್ರಯೋಜನವಾದರೂ ಎಷ್ಟು? ಸಹೋದ್ಯೋಗಿಯ ಲಾಗಿನ್ನಿನಲ್ಲಿ ಕುಳಿತು ನಮೂದು ಮಾಡುವವನಿಗೆ ಯಾವ ತಂತ್ರಾಂಶ ಕೊಟ್ಟರೂ ಅವನು ಅದನ್ನು ‘ಯೂಸರ್’ ಎಂಬ ಅನಾಮಧೇಯಕ್ಕೆ ಇಳಿಸಿಯಾನು.

ಇಷ್ಟು ಹೇಳಿದ ಮಾತ್ರಕ್ಕೆ, ಒಮ್ಮೆ ಬಿದ್ದ ಬೀಗವನ್ನು ಎಂದೆಂದಿಗೂ ಮುಟ್ಟಕೂಡದೆಂಬ ಮೂಢಭಕ್ತಿಯನ್ನು ನಾನು ಬೋಧಿಸುತ್ತಿಲ್ಲ. ಒಡೆಯನಿಲ್ಲದ ಬೀಗಗಳು ಇರುತ್ತವೆ. ಕರೆಂಟು ಹೋಗಿ ಮೇಜಿನ ಯಂತ್ರವು ಥಟ್ಟನೆ ಆರಿಹೋದರೆ, ಕಡತವನ್ನು ಇಟ್ಟುಕೊಂಡಿರುವ ಸರ್ವರ್ ಯಂತ್ರಕ್ಕೆ ಆ ಸಂಗತಿ ಕೂಡಲೇ ತಿಳಿಯುವುದಿಲ್ಲ. ಆಚೆಯವನು ಇನ್ನೂ ಬರೆಯುತ್ತಿದ್ದಾನೆಂದೇ ಅದು ಕೆಲವು ನಿಮಿಷ ಕಾದಿರುತ್ತದೆ. ಗುಪ್ತ ಕಡತವು ಅಳಿಯದೆ ಉಳಿದುಬಿಡುವುದೂ ಉಂಟು. ಅಂತಹ ಬೀಗವನ್ನು ತೆಗೆಯಲೇಬೇಕು. ಪ್ರಶ್ನೆಯಿರುವುದು ತೆಗೆಯುವ ವಿಧಾನದಲ್ಲಿ.

ಇದಕ್ಕೆ ಮೇಲ್ಪಂಕ್ತಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹೊಳಲ್ಕೆರೆ ತಾಲ್ಲೂಕಿನಲ್ಲಿಯೇ ಚಿಕ್ಕಜಾಜೂರು ಜಂಕ್ಷನ್ ಇದೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗದ ಕಡೆಗೆ ರೈಲು ಕವಲೊಡೆಯುವುದು ಅಲ್ಲಿಯೇ. ನಮ್ಮ ದೇಶದ ಏಕಪಥಗಳಲ್ಲಿ ಬಹುಕಾಲ ನಡೆದುಬಂದ ಒಂದು ಪದ್ಧತಿಯನ್ನು ಹಳೆಯ ರೈಲ್ವೆ ನೌಕರರು ಬಲ್ಲರು. ಎರಡು ಸ್ಟೇಷನ್ನುಗಳಲ್ಲಿ ಒಂದೊಂದು ಯಂತ್ರ. ಅವೆರಡಕ್ಕೂ ತಂತಿಯ ಸಂಬಂಧ. ಒಳಗೆ ಲೋಹದ ಚೆಂಡುಗಳು. ಒಂದು ಚೆಂಡು ಹೊರಬಂದಿರುವ ತನಕ ಈ ಕಡೆಯ ಯಂತ್ರವಾಗಲಿ ಆ ಕಡೆಯದಾಗಲಿ ಮತ್ತೊಂದು ಚೆಂಡನ್ನು ಕೊಡಲಾರದು. ಚೆಂಡನ್ನು ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಪಡೆದ ಡ್ರೈವರನಿಗೆ ಮಾತ್ರ ಆ ದಾರಿಯ ಮೇಲೆ ಹಕ್ಕು. ಯಂತ್ರವು ಕೆಟ್ಟಿತೆನ್ನಿ, ಆಗ ಸ್ಟೇಷನ್ ಮಾಸ್ತರನು ಹೊತ್ತಾಯಿತೆಂದು ಬಂಡಿಯನ್ನು ಹಾಗೆಯೇ ಬಿಟ್ಟುಬಿಡುತ್ತಿದ್ದನೆ? ಆಚೆಯ ಸ್ಟೇಷನ್ನಿನವನೊಡನೆ ಫೋನಿನಲ್ಲಿ ಮಾತನಾಡಿ, ದಾರಿಯಲ್ಲಿ ಯಾವ ಬಂಡಿಯೂ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಇಬ್ಬರೂ ಗುಪ್ತಸಂಖ್ಯೆಗಳನ್ನು ವಿನಿಮಯ ಮಾಡಿಕೊಂಡು ಪುಸ್ತಕದಲ್ಲಿ ಬರೆದು, ಕಾಗದದ ಲೈನ್ ಕ್ಲಿಯರ್ ಚೀಟಿಯನ್ನು ಸಹಿಮಾಡಿ ಡ್ರೈವರನ ಕೈಗೆ ಕೊಡುತ್ತಿದ್ದನು. ಯಂತ್ರದ ಕಟ್ಟನ್ನು ಮೀರುವುದಕ್ಕೆ ಅಲ್ಲಿ ದಾರಿಯಿತ್ತು. ಆ ದಾರಿಯು ವಿಚಾರಣೆ, ಒಪ್ಪಿಗೆ, ಬರವಣಿಗೆ ಇವುಗಳ ಮೂಲಕ ಹಾದುಹೋಗುತ್ತಿತ್ತು.

ಕಡತದ ಬೀಗಕ್ಕೂ ಇದೇ ಕ್ರಮ ಸಲ್ಲುತ್ತದೆ. ಬೀಗ ಕಂಡೊಡನೆ ಅದರಲ್ಲಿರುವ ಹೆಸರನ್ನು ಓದಿ, ಆ ಮನುಷ್ಯನನ್ನು ಕೇಳಬೇಕು. ಮೇಜಿನಲ್ಲಿಲ್ಲದಿದ್ದರೆ ಫೋನು ಮಾಡಬೇಕು. ನೂರಕ್ಕೆ ತೊಂಬತ್ತು ಪಾಲು ಅಲ್ಲಿಗೇ ಮುಗಿಯುತ್ತದೆ. ‘ಅಯ್ಯೋ, ಊಟಕ್ಕೆ ಬಂದಾಗ ಕ್ಲೋಸ್ ಮಾಡೋದು ಮರೆತೆ, ಸೇವ್ ಆಗೈತೆ, ನೀವೇ ಮುಚ್ಚಿಬಿಡಿ’ ಎಂಬ ಉತ್ತರವೇ ಬರುತ್ತದೆ. ಅವನು ಸಿಕ್ಕದಿದ್ದರೆ, ವಿಂಡೋಸ್ ಸರ್ವರ್ ಯಂತ್ರದಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ಎಂಬಲ್ಲಿ ಶೇರ್ಡ್ ಫೋಲ್ಡರ್ಸ್, ಅದರಲ್ಲಿ ಓಪನ್ ಫೈಲ್ಸ್ ಎಂಬ ಪಟ್ಟಿಯಿದೆ. ಯಾವ ಕಡತವನ್ನು ಯಾರು ತೆರೆದಿದ್ದಾರೆಂಬುದನ್ನು ಅದು ಹೇಳುತ್ತದೆ. ಅದನ್ನು ನೋಡಿ, ಬೀಗಕ್ಕೆ ಒಡೆಯನಿಲ್ಲವೆಂಬುದು ದೃಢಪಟ್ಟ ಮೇಲೆ, ಆಗಲೂ ಮೊದಲು ಕಡತದ ಒಂದು ಪ್ರತಿಯನ್ನು ತಾರೀಖು ಹಾಕಿ ಬೇರೆಡೆ ಇಟ್ಟು, ಅನಂತರ ಆ ಪಟ್ಟಿಯಿಂದ ಆ ಒಂದು ಕಡತವನ್ನು ಮಾತ್ರ ಮುಚ್ಚತಕ್ಕದ್ದು. ಸರ್ವರನ್ನೇ ಆರಿಸುವುದು ಮಹಾಪರಾಧ. ಒಂದು ಬೀಗಕ್ಕಾಗಿ ಎಲ್ಲರ ಕೈಯನ್ನೂ ಕತ್ತರಿಸಿದಂತೆ ಅದು. ಅಕ್ಸೆಸ್ಸಿನಲ್ಲಿಯೋ ಹಳೆಯ ಫಾಕ್ಸ್‌ಪ್ರೋದಲ್ಲಿಯೋ ಬರೆದ ತಂತ್ರಾಂಶಗಳು ಇನ್ನೂ ಬಳಕೆಯಲ್ಲಿರುವೆಡೆ, ಬರವಣಿಗೆಯ ನಡುವೆ ಯಂತ್ರ ಆರಿದರೆ ನಮೂದು ಹೋಗುವುದಲ್ಲದೆ ಕಡತವೇ ಕೆಟ್ಟು ತೆರೆಯಲಾಗದಂತೆ ಆಗಬಹುದು. ಕಡತ ತೆರೆದ ಮೇಲೆ ಕಡೆಯ ಕೆಲವು ನಮೂದುಗಳನ್ನು ರಸೀದಿಗಳೊಡನೆ ಹೋಲಿಸಿ ನೋಡಬೇಕು. ಮೇಜಿನ ಮೇಲಿನ ಒಂದು ಪುಸ್ತಕದಲ್ಲಿ ತಾರೀಖು, ಹೊತ್ತು, ಯಾವ ಕಡತ, ಯಾರ ಬೀಗ, ತೆಗೆದವರು ಯಾರು, ಏಕೆ ಎಂಬುದನ್ನು ಬರೆದು ಸಹಿ ಹಾಕಬೇಕು.

ಇದರೊಡನೆ ಬೇರೊಂದು ಬಗೆಯ ಬೀಗವನ್ನು ಬೆರಸಬಾರದೆಂಬುದನ್ನೂ ಹೇಳಿಬಿಡುತ್ತೇನೆ. 2017ರ ಮೇ ತಿಂಗಳಿನಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈ ಎಂಬ ಪೀಡೆಯು ವಿಂಡೋಸ್ ಯಂತ್ರಗಳು ಕಡತಗಳನ್ನು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿದ್ದ ದೋಷದ ಮೂಲಕವೇ ಒಂದರಿಂದ ಮತ್ತೊಂದಕ್ಕೆ ಹಾರಿತು. ಕಡತಗಳನ್ನು ಗುಪ್ತಲಿಪಿಗೆ ತಿರುಗಿಸಿ ಹಣ ಕೇಳಿತು. ಕಡತಗಳ ಹೆಸರಿನ ಬಾಲವೆಲ್ಲ ಬದಲಾಗಿ ಒಂದೂ ತೆರೆಯದಿದ್ದರೆ ಅದು ಸಹೋದ್ಯೋಗಿಯ ಬೀಗವಲ್ಲ. ಆಗ ಕಾಯುವುದೂ ತಪ್ಪು, ತಂತಿಯನ್ನು ತಕ್ಷಣ ಕೀಳಬೇಕು. ಇಂತಹ ಘಟನೆಯನ್ನು ಸಂಸ್ಥೆಗಳು 6 ಗಂಟೆಯೊಳಗೆ, ಗಣಕಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಟ್–ಇನ್ ಎಂಬ ಸರ್ಕಾರಿ ಸಂಸ್ಥೆಗೆ ತಿಳಿಸತಕ್ಕದ್ದೆಂದು 2022ರ ನಿರ್ದೇಶನ ಹೇಳುತ್ತದೆ. ಯಾವ ಬೀಗವನ್ನೂ ಓದದೆ ಮುರಿಯುವ ಅಭ್ಯಾಸವುಳ್ಳವನಿಗೆ ಈ ಭೇದ ತಿಳಿಯುವುದು ಹೇಗೆ?

ಗುಮಾಸ್ತರ ಮೇಲೆ ಮಾತ್ರ ದೋಷ ಹೊರಿಸುವುದು ನನಗೆ ಇಷ್ಟವಿಲ್ಲ. ಬೀಗ ಬೀಳುವಂತೆ ಮಾಡಿದವರು ಯಜಮಾನರು. ನಗದು, ಲಾಟು, ಮುಂಗಡ, ಗೊಬ್ಬರದ ದಾಸ್ತಾನು ಎಲ್ಲವನ್ನೂ ಒಂದೇ ಕಡತದಲ್ಲಿ ತುಂಬಿ ಮೂವರನ್ನು ಅದಕ್ಕೆ ಬಿಟ್ಟರೆ ದಿನಕ್ಕೆ ಹತ್ತು ಬಾರಿ ಬೀಗ ಬೀಳದೆ ಇನ್ನೇನಾದೀತು? ನಗದಿನ ಕಡತ ಒಬ್ಬನಿಗೆ, ಲಾಟಿನದು ಒಬ್ಬನಿಗೆ, ದಾಸ್ತಾನಿನದು ಮತ್ತೊಬ್ಬನಿಗೆ ಎಂದು ವಿಭಾಗಿಸಿದರೆ ಬೀಗಗಳ ಸಂಖ್ಯೆ ತಾನಾಗಿ ಇಳಿಯುತ್ತದೆ. ಸರ್ವರ್ ಯಂತ್ರಕ್ಕೆ ಯುಪಿಎಸ್ ಹಾಕಿಸಿ, ಗೋಡೆಯ ಮೇಲಿನ ನೆಟ್‌ವರ್ಕ್ ಸ್ವಿಚ್ಚಿಗೆ ಹಾಕಿಸದೆ ಬಿಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ; ಕರೆಂಟು ಹೋದಾಗ ಸರ್ವರ್ ಬದುಕಿರುತ್ತದೆ, ದಾರಿ ಕಡಿದುಹೋಗುತ್ತದೆ, ಒಡೆಯನಿಲ್ಲದ ಬೀಗಗಳು ಹುಟ್ಟುತ್ತವೆ. ಆ ಪುಟ್ಟ ಪೆಟ್ಟಿಗೆಗೆ ಬೇಕಾದ ವಿದ್ಯುತ್ತು ಅತ್ಯಲ್ಪ.

ಆದುದರಿಂದ ಸಂಘಗಳ ಕಾರ್ಯದರ್ಶಿಗಳಲ್ಲಿಯೂ ಮಂಡಿಗಳ ಯಜಮಾನರಲ್ಲಿಯೂ ನನ್ನ ವಿನಂತಿಯಿಷ್ಟು: ಪ್ರತಿಯೊಂದು ಯಂತ್ರದಲ್ಲಿಯೂ ‘ಯೂಸರ್’ ಎಂಬುದನ್ನು ಅಳಿಸಿ ಅಲ್ಲಿ ಕುಳಿತುಕೊಳ್ಳುವವರ ಹೆಸರನ್ನು ಬರೆಯಿಸಿರಿ, ಬೀಗ ತೆಗೆಯುವ ಅಧಿಕಾರವನ್ನು ಒಬ್ಬರಿಗೆ, ಅವರು ರಜೆಯಲ್ಲಿದ್ದಾಗ ಮತ್ತೊಬ್ಬರಿಗೆ, ಲಿಖಿತವಾಗಿ ಕೊಡಿರಿ, ಬೀಗದ ಪುಸ್ತಕವೊಂದನ್ನು ತಂದು ರಸೀದಿ ಪುಸ್ತಕದ ಪಕ್ಕದಲ್ಲಿ ಇಡಿಸಿರಿ. ಅಡಕೆಯ ಕೊಯ್ಲು ಪ್ರಾರಂಭವಾಗಿ ಲಾಟುಗಳು ಮಂಡಿಗೆ ಬರುವ ಮುಂಚೆ ಇದನ್ನು ಮಾಡಿರಿ.